ರೊಟ್ಟಿ ಯಂತ್ರದ ಮಳೆಗಾಲ

ಕಳೆದ ತಿಂಗಳು ತಂಗಿಯ ಮಗಳ ಮದುವೆಗೆ ಸೀರೆ ಕೊಳ್ಳಲು ಇಳಕಲ್ಲಿಗೆ ಹೋಗಿದ್ದೆವು. ಬಾಗಲಕೋಟೆಗೆ ಮರಳುವಾಗ ಹುನಗುಂದದಲ್ಲಿ ಇಳಿದು, ಬಸ್ ನಿಲ್ದಾಣದ ಹಿಂದಿನ ಒಂದು ಖಾನಾವಳಿಯಲ್ಲಿ ಊಟಕ್ಕೆ ಕುಳಿತೆವು. ಹೊರಗೆ ಜಿಟಿಜಿಟಿ ಮಳೆ. ಒಳಗಿನಿಂದ ಜೋಳದ ರೊಟ್ಟಿ ಸುಡುವ ವಾಸನೆ ಬಂತು. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಾಗ ಏಳುತ್ತದಲ್ಲ, ಹಸಿ ಹಿಟ್ಟು, ಆವಿ, ಹೊಗೆ ಮೂರೂ ಬೆರೆತದ್ದು, ಆ ವಾಸನೆ. ನನಗೆ ನಗು ತಡೆಯಲಾಗಲಿಲ್ಲ. ತಾಟಿಗೆ ಇನ್ನೂ ಏನೂ ಬಡಿಸಿರಲಿಲ್ಲ.

"ಖಾಲಿ ತಾಟು ನೋಡಿ ನಗೂವಂಥಾದ್ದು ಏನೈತ್ರಿ?" ಎಂದಳು ಹೆಂಡತಿ.

"ಸಮಿತಿ ನೆನಪಾತು."

ಅವಳೂ ಸೆರಗನ್ನು ಬಾಯಿಗೆ ಹಿಡಿದಳು. ನಮ್ಮ ಮನೆಯಲ್ಲಿ ಸಮಿತಿ ಎಂದರೆ ಒಂದೇ. ಸರ್ಕಾರ ಕೊಂಡ ಸಾಮಾನು, ಕೊಟ್ಟ ಗುತ್ತಿಗೆಗಳನ್ನೆಲ್ಲ ಕೆದಕಿ ನೋಡುವ ವಿಧಾನಮಂಡಲದ ಲೆಕ್ಕಪತ್ರ ಸಮಿತಿ. ಅದು ಹುನಗುಂದಕ್ಕೆ ಬಂದ ವರ್ಷ ನಾನು ಅಲ್ಲಿ ಒಂದು ಇಲಾಖೆಯ ತಾಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದೆ. ಇಲಾಖೆ ಯಾವುದೆಂದು ಹೇಳುವುದಿಲ್ಲ. ನನ್ನ ಪಿಂಚಣಿಗೆ ಇನ್ನೂ ಕೆಲವು ವರ್ಷ ಇದೆ.

ಇಷ್ಟು ಹೇಳಬಹುದು, ಬಾಲಕಿಯರ ಒಂದು ವಸತಿ ನಿಲಯ ನಮ್ಮ ಸುಪರ್ದಿಯಲ್ಲಿತ್ತು. ನೂರಕ್ಕೆ ಹತ್ತಿರ ಹುಡುಗಿಯರು, ನಾಲ್ವರು ಅಡುಗೆಯವರು. ಹಿರಿಯಳು ಗೌರವ್ವ. ಅರವತ್ತರ ಹತ್ತಿರದ, ಒಣಗಿದ ಜಾಲಿ ಕಟ್ಟಿಗೆಯಂಥ ಹೆಂಗಸು. ಅವಳ ಜೋಡಿ ಹುಸೇನಬಿ. ಇವಳು ರೊಟ್ಟಿ ಬಡಿದರೆ ಅವಳು ಸುಡಬೇಕು, ಬೇರೆ ಯಾರು ಸುಟ್ಟರೂ ಗೌರವ್ವನಿಗೆ ಸರಿಬರುತ್ತಿರಲಿಲ್ಲ. ಆ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ನಿಂತವರ ನೆರಳು ಕಾಣುತ್ತಿತ್ತು.

ನಮ್ಮ ಸಾಹೇಬರು ಚಿಕ್ಕಲಿಂಗಯ್ಯ, ಮಂಡ್ಯದ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಅನ್ನದ ಮನುಷ್ಯ. ಎರಡು ವರ್ಷ ಹುನಗುಂದದಲ್ಲಿದ್ದೂ ಜೋಳದ ರೊಟ್ಟಿಯನ್ನು ಮುಟ್ಟಿರಲಿಲ್ಲ. ಹಲ್ಲಿನ ಡಾಕ್ಟರು ಬೇಡ ಎಂದಿದ್ದಾರೆ ಎನ್ನುತ್ತಿದ್ದರು. ಹೀಗಾಗಿ ಬೆಂಗಳೂರಿನಲ್ಲಿ ಟೆಂಡರ್ ಆಗಿ, ನಮ್ಮ ಭಾಗದ ವಸತಿ ನಿಲಯಗಳಿಗೆಲ್ಲ ಸ್ವಯಂಚಾಲಿತ ರೊಟ್ಟಿ ಯಂತ್ರ ಬರುತ್ತದೆಂಬ ಪತ್ರ ಬಂದಾಗ ಅವರಿಗೆ ಅನುಮಾನವೇ ಬರಲಿಲ್ಲ.

"ನಮ್ಮ ಕಡೆ ಮುದ್ದೆ ಮಾಡೋ ಮೆಷಿನ್ನೇ ಬಂದಿದೆ ಮಹಾಂತೇಶ್. ರೊಟ್ಟಿ ಯಾವ ಲೆಕ್ಕ?"

ನಾನು ಹೇಳಬೇಕಿತ್ತು. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ಜಿಗಿ ಇಲ್ಲ, ಬಿಸಿನೀರು ಹಾಕಿ ನಾದಿ, ಕೈಯಿಂದ ಬಡಿಬಡಿದು ಒಲಿಸಿಕೊಳ್ಳಬೇಕು, ಲಟ್ಟಣಿಗೆಗೂ ಅದು ಸುಲಭಕ್ಕೆ ಬಗ್ಗುವುದಿಲ್ಲ ಎಂದು ಈ ಸೀಮೆಯ ಎಳೆ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಬೆಂಗಳೂರಿನಲ್ಲಿ ಟೆಂಡರ್ ಕರೆದವರು ಅಷ್ಟನ್ನೂ ವಿಚಾರಿಸದೆ ಕರೆದಿರುತ್ತಾರೆಯೇ ಎಂದುಕೊಂಡೆ. ನೌಕರಿಯಲ್ಲಿ ನಾನು ಮಾಡಿದ ತಪ್ಪುಗಳೆಲ್ಲ ಹೀಗೆ ಮೇಲಿನವರ ಬುದ್ಧಿಯ ಮೇಲೆ ಭಾರ ಹಾಕಿ ಮಾಡಿದವು.

ಯಂತ್ರ ಬಂದದ್ದು ಮಾರ್ಚ್ ತಿಂಗಳ ಕೊನೆಯ ದಿನ. ಎಂಟು ಜನ ಹೊತ್ತು ಇಳಿಸಿದರು. ಈಚೆ ತುದಿಗೆ ಹಿಟ್ಟು ಹಾಕುವ ದೊಡ್ಡ ಬಾಯಿ, ನಡುವೆ ಶವಪೆಟ್ಟಿಗೆಯಷ್ಟು ಉದ್ದದ ಬಿಸಿ ಗೂಡು, ಅದರೊಳಗೆ ಓಡುವ ಪಟ್ಟಿ, ಆಚೆ ತುದಿಗೆ ರೊಟ್ಟಿ ಉದುರುವ ತಗಡು. ಜೊತೆಗೆ ಪೂರೈಕೆದಾರರ ಕಡೆಯವನೊಬ್ಬ ಬಂದಿದ್ದ. ಹುನಗುಂದದ ಆ ಬಿಸಿಲಿನಲ್ಲೂ ಟೈ ಕಟ್ಟಿದ್ದ. ಅವನ ಹೆಸರು ಕೊನೆಯವರೆಗೂ ನಮ್ಮ ನಾಲಿಗೆಗೆ ಕೂಡಲಿಲ್ಲ, ಎಲ್ಲರೂ ಟೈ ಸಾಹೇಬ ಎಂದೇ ಕರೆದೆವು. ಅವನು ಚೀಲದಿಂದ ತನ್ನದೇ ಹಿಟ್ಟು ತೆಗೆದು ಹಾಕಿ ಗುಂಡಿ ಒತ್ತಿದ. ಯಂತ್ರ ಕಲ್ಲಿನ ಕ್ವಾರಿಯ ಹಾಗೆ ಗರ್ಜಿಸಿತು. ಗುಂಡಗಿನ ಹತ್ತು ಚಪಾತಿ ಬಿದ್ದವು.

ಗೌರವ್ವ ಒಂದನ್ನು ಎತ್ತಿ ಮೂಸಿದಳು. "ಇದು ಗೋದಿರಿ."

"ಹಿಟ್ಟು ಯಾವುದಾದ್ರೂ ಟೆಕ್ನಾಲಜಿ ಒಂದೇ ಮೇಡಂ," ಎಂದ ಟೈ ಸಾಹೇಬ. ಅವಳನ್ನು ಮೇಡಂ ಎಂದು ಕರೆದ ಮೊದಲ ಮನುಷ್ಯ ಅವನೇ ಇರಬೇಕು. ಅವಳು ಗೊಂದಲಕ್ಕೆ ಬಿದ್ದು ಚಪಾತಿಯನ್ನು ಮರಳಿ ತಗಡಿನ ಮೇಲಿಟ್ಟಳು.

ಅವನು ಒಂದು ಕಾಗದ ಮುಂದಿಟ್ಟ. ‘ಸದರಿ ಯಂತ್ರವು ಜೋಳದ ರೊಟ್ಟಿಯನ್ನು ತೃಪ್ತಿಕರವಾಗಿ ತಯಾರಿಸುತ್ತಿರುವುದನ್ನು ಖುದ್ದು ಪರಿಶೀಲಿಸಿ ದೃಢೀಕರಿಸಲಾಗಿದೆ’ ಎಂದು ಟೈಪಾಗಿಯೇ ಬಂದಿತ್ತು. ಸಂಜೆಯೊಳಗೆ ಕಾಗದ ಜಿಲ್ಲಾ ಕಚೇರಿ ಸೇರದಿದ್ದರೆ ಅನುದಾನ ವಾಪಸು. ಮಾರ್ಚ್ ಕೊನೆಯ ದಿನ ಸರ್ಕಾರಿ ನೌಕರ ಉಸಿರಾಡುವಷ್ಟೇ ಸಲೀಸಾಗಿ ಸಹಿ ಹಾಕುತ್ತಾನೆ. ನಾನೂ ಹಾಕಿದೆ.

ಜೂನ್‌ನಲ್ಲಿ ಹುಡುಗಿಯರು ಬಂದರು, ಮೊದಲ ಮಳೆಯೂ ಬಂತು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಎಲ್ಲರೂ ನಾಲ್ಕು ಬೆರಳು ಎತ್ತರವಾಗಿ ಓಡಾಡುತ್ತಿದ್ದ ದಿನಗಳು. ಗೌರವ್ವ ಜೋಳದ ಹಿಟ್ಟನ್ನು ಹದವಾಗಿ ನಾದಿ ಯಂತ್ರದ ಬಾಯಿಗೆ ಹಾಕಿದಳು. ಯಂತ್ರ ಗರ್ಜಿಸಿತು. ಆಚೆ ತುದಿಯಲ್ಲಿ ಬೂದಿ ಬಣ್ಣದ ಉದುರು ಉದುರು ಏನೋ ಬಿತ್ತು.

"ಉಪ್ಪಿಟ್ಟು ಬಂತು!" ಎಂದು ಹುಡುಗಿಯರು ತಾಟು ಬಡಿದರು. ಅಂದಿನಿಂದ ಅದರ ಹೆಸರು ಉಪ್ಪಿಟ್ಟಿನ ಯಂತ್ರ. ಟೈ ಸಾಹೇಬನಿಗೆ ಫೋನ್ ಮಾಡಿದರೆ ಅರ್ಧ ಮೈದಾ ಬೆರೆಸಿ ಎಂದ. ಬೆರೆಸಿದೆವು. ಬಂದ ವಸ್ತುವನ್ನು ರಾತ್ರಿಗೆ ಇಟ್ಟರೆ ಚಪ್ಪಲಿಗೆ ಅಟ್ಟೆ ಹಾಕಬಹುದಿತ್ತು. ಮತ್ತೆ ನಾಲ್ವರೂ ಒಲೆ ಹೊತ್ತಿಸಿ ಬಡಿಯಲು ಕುಳಿತರು. ಯಂತ್ರದ ಮೇಲೆ ಹುಡುಗಿಯರು ಒದ್ದೆ ಲಂಗ ಒಣಗಹಾಕಿದರು.

ಇಷ್ಟಕ್ಕೇ ಮುಗಿದಿದ್ದರೆ ಇದು ಬರೆಯುವ ಕಥೆಯಾಗುತ್ತಿರಲಿಲ್ಲ. ಜುಲೈಯಲ್ಲಿ ಮೇಲಿನಿಂದ ಇನ್ನೊಂದು ಆದೇಶ ಬಂತು. ಯಂತ್ರ ತೃಪ್ತಿಕರವಾಗಿ ಕೆಲಸ ಮಾಡುತ್ತಿರುವುದು ದೃಢಪಟ್ಟ ನಿಲಯಗಳಲ್ಲಿ ಇಬ್ಬರು ಅಡುಗೆಯವರು ಹೆಚ್ಚುವರಿ. ವಯಸ್ಸಿನಲ್ಲಿ ಹಿರಿಯರಾದ ಇಬ್ಬರನ್ನು ಕೂಡಲೇ ಕೈಬಿಡತಕ್ಕದ್ದು. ಉಲ್ಲೇಖ: ನನ್ನ ಸಹಿ ಇದ್ದ ಕಾಗದ.

ಆದೇಶ ತಲುಪಿಸಲು ಹೋದವನೂ ನಾನೇ. ಗೌರವ್ವ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಕಾಗದ ಹಿಡಿದಳು. ಓದು ಬಾರದು; ಆದರೂ ಸ್ವಲ್ಪ ಹೊತ್ತು ನೋಡಿದಳು.

"ಯಂತ್ರ ಕೆಲಸಾ ಮಾಡ್ತೈತಿ ಅಂತ ಬರದವರು ಯಾರ್ರಿ?"

"ನಾನ ರಿ."

"ನೀವ್ ನೋಡಿದ್ರೇನು?"

ನಾನು ಒಲೆಯ ಕಡೆ ನೋಡಿದೆ. ಹುಸೇನಬಿ ಹಂಚಿನ ಮೇಲಿದ್ದ ಕೊನೆಯ ರೊಟ್ಟಿಯನ್ನು ತಿರುವಿ ಹಾಕಿ, ಅದು ಉಬ್ಬುವವರೆಗೆ ಕಾದು, ಬುಟ್ಟಿಗೆ ಇಟ್ಟು, ನಂತರವೇ ಎದ್ದಳು. ಇಬ್ಬರೂ ಮಳೆಯಲ್ಲಿ ಒಂದೇ ಗೊಂಚಿಗೆ ಕಂಬಳಿ ಹೊದ್ದು ಹೋದರು. ಆಮೇಲೆ ಹೆಸರುಕಾಳಿನ ಹೊಲಕ್ಕೆ ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದಾರೆಂದು ಕೇಳಿದೆ. ಉಳಿದ ಇಬ್ಬರಿಗೆ ನೂರು ಹುಡುಗಿಯರ ರೊಟ್ಟಿ ಬಡಿಯಲು ಎಲ್ಲಿ ಸಾಧ್ಯ? ವಾರಕ್ಕೆ ನಾಲ್ಕು ದಿನ ಹುಡುಗಿಯರು ಬರೀ ಅನ್ನ ಉಂಡರು. ಸಾಹೇಬರು ಮಾತ್ರ, "ನೋಡಿ, ಹೊಂದಿಕೊಂಡರು," ಎಂದು ಸಂತೋಷಪಟ್ಟರು.

ಶ್ರಾವಣದಲ್ಲಿ ಬೆಂಗಳೂರಿನಿಂದ ಪತ್ರ ಬಂತು. ಸಮಿತಿ ಬರುತ್ತಿದೆ. ಯಂತ್ರೋಪಕರಣಗಳ ಖರೀದಿಯನ್ನು ಸ್ಥಳದಲ್ಲೇ ಪರಿಶೀಲಿಸುತ್ತದೆ. ಯಂತ್ರ ಚಾಲನೆಯಲ್ಲಿರಬೇಕು.

ಸಾಹೇಬರ ಮುಖ ಉಪ್ಪಿಟ್ಟಿನ ಬಣ್ಣಕ್ಕೆ ತಿರುಗಿತು. ಮೊದಲು ಕಚೇರಿಗೆ ಸುಣ್ಣ ಬಳಿಸಿದರು. ಕಂಗಾಲಾದ ಸರ್ಕಾರಿ ಕಚೇರಿ ಮೊದಲು ಸುಣ್ಣವನ್ನೇ ಹುಡುಕುತ್ತದೆ. ಆಮೇಲೆ ಟೈ ಸಾಹೇಬನನ್ನು ಕರೆಸಿದರು. ಅವನು ಅಡುಗೆಮನೆಯಲ್ಲಿ ಎರಡು ಸುತ್ತು ಹಾಕಿ, ಗೋಡೆಯ ಆಚೆಗಿನ ಉಗ್ರಾಣದ ಕೋಣೆ ನೋಡಿ, ನಡುವಿನ ಸಣ್ಣ ಕಿಟಕಿ ನೋಡಿ, ಚಿಟಿಕೆ ಹೊಡೆದ. ಅವನ ಉಪಾಯ ಇಷ್ಟೇ. ಯಂತ್ರದ ಹಿಟ್ಟಿನ ಬಾಯಿಯನ್ನು ಕಿಟಕಿಗೆ ತಾಗಿಸಿ ಇಡುವುದು. ಉಗ್ರಾಣದಲ್ಲಿ ಹೆಂಗಸರು ಕುಳಿತು ರೊಟ್ಟಿ ಬಡಿದು, ಸುಟ್ಟು, ಕಿಟಕಿಯಿಂದ ಪಟ್ಟಿಯ ಮೇಲೆ ಜಾರಿಸುವುದು. ಗೂಡಿನ ಬೆಂಕಿ ಆರಿಸಿ ಬರೀ ಪಟ್ಟಿ ಓಡಿಸುವುದು. ಸಮಿತಿಯ ಎದುರು ಆಚೆ ತುದಿಯಿಂದ ಬಿಸಿ ರೊಟ್ಟಿ ಬೀಳುತ್ತವೆ. ಬಡಿಯುವ ಸದ್ದು? ಯಂತ್ರದ ಗರ್ಜನೆಯಲ್ಲಿ ದೇವರ ಮಾತೂ ಕೇಳಿಸದು.

"ರೊಟ್ಟಿ ಒಂದೇ ಅಳತೆ ಇರಬೇಕು, ಒಂದೇ ತೆಳು ಇರಬೇಕು. ಅಂಥೋರು ಯಾರಿದ್ದಾರೆ?" ಎಂದ.

ಅಡುಗೆಯ ಇಬ್ಬರೂ ಒಟ್ಟಿಗೆ ಹೇಳಿದರು: "ಗೌರಕ್ಕ, ಹುಸೇನಬಿ."

ಹೀಗೆ ಯಂತ್ರ ಬಂದದ್ದರಿಂದ ಕೆಲಸ ಕಳೆದುಕೊಂಡವರನ್ನು ಯಂತ್ರದ ಕೆಲಸಕ್ಕೆ ಕರೆಯಲು ನನ್ನನ್ನು ಕಳಿಸಿದರು. "ಚೆನ್ನಾಗಿ ಮಾಡಿದರೆ ಸಮಿತಿ ಹೋದ ಮೇಲೆ ವಾಪಸ್ ತಗೊಳ್ಳೋಣ ಅಂತ ಹೇಳಿ," ಎಂದರು ಸಾಹೇಬರು. ಯಂತ್ರ ಚೆನ್ನಾಗಿ ಓಡಿತೆಂದು ಸಮಿತಿಯೇ ಬರೆದ ಮೇಲೆ ಇವರನ್ನು ಯಾವ ಆಧಾರದ ಮೇಲೆ ವಾಪಸು ತೆಗೆದುಕೊಳ್ಳುವುದು? ಇದು ಅವರಿಗೂ ಹೊಳೆದಿತ್ತೋ ಏನೋ, ನನ್ನ ಮುಖ ನೋಡದೆ ಹೇಳಿದರು.

ಗೌರವ್ವನ ಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದೆ. ಹುಸೇನಬಿಯೂ ಬಂದಿದ್ದಳು. ಕೇಳಿ ಮುಗಿಸುವ ಹೊತ್ತಿಗೆ ಇಬ್ಬರೂ ನಗುತ್ತಿದ್ದರು.

"ಅಂದ್ರ ಯಂತ್ರದ ಹೊಟ್ಟ್ಯಾಗ ನಾವು ಕುಂಡ್ರಬೇಕು?"

"ಹೌದು."

"ಮತ್ ಕೆಲಸಕ್ಕ ಕರಕೋತಾರ?"

"ಸಾಹೇಬ್ರು ಹಂಗಂದಾರ."

"ಸಾಹೇಬ್ರು ಅಂದದ್ದು ಗೊತ್ತಾತು. ನೀವ್ ನಂಬೀರೇನು?"

ನಾನು ಚಪ್ಪಲಿಯ ಎರೆಮಣ್ಣನ್ನು ಕಟ್ಟೆಯ ಅಂಚಿಗೆ ಕೆರೆದೆ. ಅವಳಿಗೆ ಉತ್ತರ ಸಿಕ್ಕಿತು.

"ಬರ್ತೇವ್ರಿ," ಎಂದಳು. "ಹುಡಿಗ್ಯಾರು ಭಾಳ ದಿನಾ ಆತು ರೊಟ್ಟಿ ಕಂಡಿಲ್ಲ. ಅವತ್ತರ ಉಣ್ಲಿ."

ಸಮಿತಿಗಳು ನಮ್ಮ ಜಿಲ್ಲೆಗೆ ಬಂದರೆ ವಾಸ್ತವ್ಯ ಬಾದಾಮಿಯಲ್ಲೇ. ಸಾಹೇಬರ ಎರಡನೆಯ ಭರವಸೆ ಇದ್ದದ್ದು ಅಲ್ಲಿ. ಬೆಳಿಗ್ಗೆ ಗುಹೆಗಳನ್ನು ನಿಧಾನವಾಗಿ ತೋರಿಸುವುದು, ಮರೋಳದ ಏತ ನೀರಾವರಿಯನ್ನು ಇನ್ನೂ ನಿಧಾನವಾಗಿ ತೋರಿಸುವುದು, ಕತ್ತಲಾಗುವ ಮುನ್ನ ಇಳಕಲ್ಲಿನ ಸೀರೆ ಅಂಗಡಿಗೆ ಮುಟ್ಟಿಸುವುದು. ನಡುವೆ ಹುನಗುಂದಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಪ್ರಗತಿ ವರದಿಯ ಕಡತ ಹಿಡಿದು ಬಾದಾಮಿಗೆ ಅವರು ಹೊರಟರು, ಹಿಂದೆ ನಾನು.

ಅಧ್ಯಕ್ಷರು ವಕೀಲರಾಗಿದ್ದವರು, ಮಾತು ಕಡಿಮೆ. ನಾವು ಏಳು ಗಂಟೆಗೆ ತಲುಪುವಷ್ಟರಲ್ಲಿ ಗುಹೆಗಳನ್ನೆಲ್ಲ ನೋಡಿ ಮುಗಿಸಿ ಮೆಟ್ಟಿಲಿಳಿಯುತ್ತಿದ್ದರು. ಐದಕ್ಕೇ ಏಳುವ ಅಭ್ಯಾಸವಂತೆ. ಸಾಹೇಬರು ಗಾಬರಿಯಾಗಿ, ಕಡತ ಕಂಕುಳಲ್ಲಿಟ್ಟುಕೊಂಡು ಕೈಮುಗಿದರು. ಬಾದಾಮಿಯ ಮಂಗಗಳಿಗೆ ಕೈಮುಗಿಯುವವರೆಂದರೆ ಬಹಳ ಇಷ್ಟ; ಎರಡೂ ಕೈ ಬಿಜಿ ಇರುತ್ತವೆ. ಒಂದು ದೊಡ್ಡ ಗಡವ ಬಂದು ಕಡತ ಎಳೆದುಕೊಂಡು ಬಂಡೆಯ ಮೇಲೆ ಹತ್ತಿ, ದಾರ ಬಿಚ್ಚಿ, ಪ್ರಗತಿ ವರದಿಯನ್ನು ಒಂದೊಂದೇ ಹಾಳೆ ತೆಗೆದು ನೋಡಿ ಕೆಳಗೆ ಎಸೆಯತೊಡಗಿತು.

"ಸರ್, ವರದಿ..." ಎಂದರು ಸಾಹೇಬರು.

ಅಧ್ಯಕ್ಷರು ಮೇಲೆ ನೋಡಿದರು. "ಅವರು ಓದಿ ಮುಗಿಸಲಿ. ನಾವು ಅಷ್ಟರಲ್ಲಿ ಯಂತ್ರ ನೋಡೋಣ. ನೇರ ಹುನಗುಂದಕ್ಕೆ ನಡೀರಿ."

ದಾರಿಯುದ್ದಕ್ಕೂ ಸಾಹೇಬರು ಫೋನಿನಲ್ಲಿ ಟೈ ಸಾಹೇಬನಿಗೆ ಒಂದೇ ಮಾತು ಹೇಳುತ್ತಿದ್ದರು: "ಕೂರಿಸ್ರೀ, ಕೂರಿಸ್ರೀ!"

ನಿಲಯ ಮುಟ್ಟಿದಾಗ ಹತ್ತು ಗಂಟೆ. ರಜೆಯ ದಿನವಾದ್ದರಿಂದ ಹುಡುಗಿಯರೆಲ್ಲ ಇದ್ದರು. ಯಂತ್ರಕ್ಕೆ ಕುಂಕುಮ ಹಚ್ಚಿ ಹೂ ಏರಿಸಲಾಗಿತ್ತು. ಉಗ್ರಾಣದ ಬಾಗಿಲಿಗೆ ಹೊರಗಿನಿಂದ ಚಿಲಕ. ಟೈ ಸಾಹೇಬ ಗುಂಡಿ ಒತ್ತಿದ. ಗರ್ಜನೆ ಎದ್ದಿತು. ಸಮಿತಿಯವರು ಕಿವಿ ಮುಚ್ಚಿಕೊಂಡರು. ಅರ್ಧ ನಿಮಿಷದಲ್ಲಿ ಆಚೆ ತುದಿಯಿಂದ ಬಿಳಿ ರೊಟ್ಟಿಯೊಂದು ತೇಲಿಬಂದು ತಗಡಿನ ಮೇಲೆ ಬಿತ್ತು. ಹಿಂದೆ ಇನ್ನೊಂದು. ಮತ್ತೊಂದು. ಚಂದ್ರನನ್ನು ಕತ್ತರಿಸಿದ ಹಾಗೆ, ಒಂದೇ ಅಳತೆ.

ಹುಡುಗಿಯರ ಗುಂಪಿನಲ್ಲಿ ಪಿಸುಮಾತು ಎದ್ದಿತು. ಅವರಿಗೆ ರೊಟ್ಟಿ ನೋಡಿದ ಕೂಡಲೇ ಕೈ ಯಾರದೆಂದು ಗೊತ್ತಾಗಿತ್ತು. ಆದರೆ ಅವರನ್ನು ಯಾರೂ ಕೇಳಲಿಲ್ಲ.

ಸದಸ್ಯರಲ್ಲಿ ಕಲಬುರಗಿ ಕಡೆಯ ಹಿರಿಯ ಹೆಂಗಸೊಬ್ಬರಿದ್ದರು. ಉಳಿದವರು ಅವರನ್ನು ಅಕ್ಕಾರ ಎಂದು ಕರೆಯುತ್ತಿದ್ದರು. ಅವರು ಒಂದು ರೊಟ್ಟಿ ಎತ್ತಿ, ಮುರಿದು, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಸಾಹೇಬರು ಉಸಿರು ಬಿಟ್ಟರು. ಆಮೇಲೆ ಅಕ್ಕಾರ ಇನ್ನೊಂದು ಎತ್ತಿದರು. ಹಿಂದೆ ಮುಂದೆ ತಿರುಗಿಸಿದರು. ಕನ್ನಡಕ ಹಾಕಿಕೊಂಡರು.

"ಏನೋ ತಮ್ಮಾ," ಎಂದು ಟೈ ಸಾಹೇಬನನ್ನು ಕೂಗಿ ಕರೆದರು, "ಇದರ ಮ್ಯಾಲ ಐದು ಬೆರಳು ಮೂಡ್ಯಾವಲ್ಲ!"

ಎಲ್ಲರೂ ಬಗ್ಗಿ ನೋಡಿದೆವು. ರೊಟ್ಟಿಯ ನಡುವೆ ಸ್ಪಷ್ಟವಾಗಿ, ಬಾಗಿಲಿಗೆ ಹಚ್ಚಿದ ಕೈಯ ಅಚ್ಚಿನ ಹಾಗೆ, ಐದು ಬೆರಳು.

ಟೈ ಸಾಹೇಬ ಸಾಮಾನ್ಯನಲ್ಲ. ಕಣ್ಣು ಮಿಟುಕಿಸಲಿಲ್ಲ. "ಅದು ಡಿಸೈನ್ ಮೇಡಂ! ಮನೆ ರೊಟ್ಟಿ ಥರ ಕಾಣಲಿ ಅಂತ ಒಳಗೆ ಬೆರಳಿನ ಅಚ್ಚು ಕೊಟ್ಟಿದ್ದೀವಿ. ನಮ್ಮ ಕಂಪನಿ ಸ್ಪೆಷಲ್!"

ಅಕ್ಕಾರ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕರೆಂಟು ಹೋಯಿತು.

ಗರ್ಜನೆ ಒಮ್ಮೆಲೇ ನಿಂತಿತು. ಪಟ್ಟಿ ನಿಂತಿತು. ಅರ್ಧ ಹೊರಬಂದ ಒಂದು ರೊಟ್ಟಿ ಗೂಡಿನ ಬಾಯಲ್ಲಿ ನಾಲಿಗೆಯ ಹಾಗೆ ನಿಂತಿತು. ಅಡುಗೆಮನೆಯಲ್ಲಿ ಅಷ್ಟೂ ಜನ ಇದ್ದೂ ಸದ್ದೇ ಇಲ್ಲ. ಆ ನಿಶ್ಶಬ್ದದಲ್ಲಿ ಗೋಡೆಯ ಆಚೆಯಿಂದ ಒಂದು ಸದ್ದು, ಲಯ ತಪ್ಪದೆ, ಬರುತ್ತಲೇ ಇತ್ತು.

ಟಪ್ ಟಪ್ ಟಪ್ ಟಪ್.

ಸಾಹೇಬರು ಕೆಮ್ಮಿದರು. ಟೈ ಸಾಹೇಬ ಕೆಮ್ಮಿದ. ನಾನೂ ಕೆಮ್ಮಿದೆ ಎಂದು ಒಪ್ಪಿಕೊಳ್ಳಬೇಕು. ಮೂವರ ಕೆಮ್ಮಿನ ನಡುವೆಯೂ, ಟಪ್ ಟಪ್ ಟಪ್.

"ಮೆಷಿನ್ನಿಗೆ ಬ್ಯಾಟರಿ ಇದೆಯಾ?" ಎಂದರು ಅಧ್ಯಕ್ಷರು.

ಅಕ್ಕಾರ ನೆಟ್ಟಗೆ ಹೋಗಿ ಉಗ್ರಾಣದ ಚಿಲಕ ತೆಗೆದರು. ಒಳಗಿನಿಂದ ಹೊಗೆ ಬಂತು. ಹೊಗೆಯ ನಡುವೆ ಇಬ್ಬರು ಹೆಂಗಸರು, ಮೊಣಕೈವರೆಗೆ ಹಿಟ್ಟು, ಹಣೆಯ ಮೇಲೆ ಬೆವರು. ಹುಸೇನಬಿ ಚಿಮಟ ಹಿಡಿದು ಎದ್ದು ನಿಂತಳು. ಗೌರವ್ವ ಕೈಯಲ್ಲಿದ್ದ ರೊಟ್ಟಿಯನ್ನು ಬಡಿದು ಮುಗಿಸಿದ ಮೇಲೆಯೇ ತಲೆ ಎತ್ತಿದಳು.

"ನೀವು ಯಾರವ್ವಾ?" ಎಂದರು ಅಕ್ಕಾರ.

"ನಾವ ರಿ ಯಂತ್ರ," ಎಂದಳು ಗೌರವ್ವ.

ಮೊದಲು ನಕ್ಕದ್ದು ಹುಡುಗಿಯರು. ಆಮೇಲೆ ಸಮಿತಿಯವರು. ಕೊನೆಗೆ ಕಾರಿನ ಚಾಲಕರೂ ಬಂದು ನಕ್ಕರು. ನಗದೆ ಇದ್ದವರು ನಾವು ಮೂವರು ಮತ್ತು ಅಧ್ಯಕ್ಷರು. ಅವರು ಅಲ್ಲೇ ಪ್ಲಾಸ್ಟಿಕ್ ಕುರ್ಚಿ ತರಿಸಿ ಕುಳಿತು ಕಡತ ಕೇಳಿದರು. ಪ್ರಗತಿ ವರದಿ ಮಂಗ ಒಯ್ದಿತ್ತು. ಆದರೆ ಮೂಲ ಕಡತ ನಿಲಯದ ಕಪಾಟಿನಲ್ಲೇ ಇತ್ತು. ಅದರ ಮೇಲ್ಗಡೆಯೇ ಮಾರ್ಚ್ ತಿಂಗಳ ಆ ಕಾಗದದ ಪ್ರತಿ.

"ಈ ಸಹಿ ಯಾರದು?"

ನಾನು ಒಂದು ಹೆಜ್ಜೆ ಮುಂದೆ ಬಂದೆ. "ನಂದರಿ."

"ಯಂತ್ರ ಜೋಳದ ರೊಟ್ಟಿ ಮಾಡಿದ್ದನ್ನು ಖುದ್ದು ನೋಡಿದಿರಾ?"

ಹಿಂದೆ ಸಾಹೇಬರು ಮತ್ತೆ ಕೆಮ್ಮಿದರು. ಹೌದು ಎಂದರೆ ನೌಕರಿ ಉಳಿಯಬಹುದಿತ್ತೇನೋ. ಅಂದು ಮಾಡಿತ್ತು, ಈಗ ಕೆಟ್ಟಿದೆ ಎನ್ನಬಹುದಿತ್ತು. ಟೈ ಸಾಹೇಬ ಕಣ್ಣಿನಲ್ಲೇ ಅದನ್ನು ಹೇಳಿಕೊಡುತ್ತಿದ್ದ. ಉಗ್ರಾಣದ ಬಾಗಿಲಲ್ಲಿ ಗೌರವ್ವ ನಿಂತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ, ಹಂಚಿನ ಮೇಲಿದ್ದ ರೊಟ್ಟಿ ಹೊತ್ತುತ್ತದೇನೋ ಎಂದು ಅದರ ಕಡೆ ನೋಡುತ್ತಿದ್ದಳು.

"ಇಲ್ರಿ," ಎಂದೆ. "ಚಪಾತಿ ಮಾಡಿದ್ದು ನೋಡಿದ್ದೆ. ಜೋಳದ ರೊಟ್ಟಿ ಅಂತ ಟೈಪಾಗಿ ಬಂದಿತ್ತು, ಸಹಿ ಹಾಕಿದ್ನಿ. ಆ ಸಹಿ ಮ್ಯಾಲ ಈ ಇಬ್ಬರನ್ನ ಕೆಲಸದಿಂದ ತಗದ್ರು. ಅವರನ್ನ ತಗದ ದಿನದಿಂದ ಹುಡಿಗ್ಯಾರಿಗೆ ಸರಿಯಾಗಿ ರೊಟ್ಟಿ ಇಲ್ಲ. ಇವತ್ತ ಅವರನ್ನ ಇಲ್ಲಿ ಕುಂಡ್ರಿಸಾಕ ಕರಕೊಂಡ ಬಂದಾಂವನೂ ನಾನ."

ನಾನು ಹದಿಮೂರು ವರ್ಷದ ನೌಕರಿಯಲ್ಲಿ ಒಮ್ಮೆಗೆ ಅಷ್ಟು ಮಾತು ಆಡಿರಲಿಲ್ಲ.

ಆಗ ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಚಿಕ್ಕಲಿಂಗಯ್ಯ ಸಾಹೇಬರು ಮುಂದೆ ಬಂದರು. "ಸರ್, ಅವರನ್ನು ಕಳಿಸಿದ್ದು ನಾನು," ಎಂದರು. "ಕಿಟಕಿ ಉಪಾಯ ಈ ಕಂಪನಿಯವರದು, ಒಪ್ಪಿಗೆ ನನ್ನದು. ಮಹಾಂತೇಶ್ ಗುಮಾಸ್ತರು, ಹೇಳಿದ್ದು ಮಾಡಿದ್ದಾರೆ." ಹೇಳಿ, ಟೋಪಿ ತೆಗೆದವರ ಹಾಗೆ ಹಗುರಾಗಿ ನಿಂತರು. ಟೈ ಸಾಹೇಬನನ್ನು ಹುಡುಕಿದರೆ ಅವನು ಇರಲಿಲ್ಲ. ಹಿಂದಿನ ಗೇಟಿನ ಕೆಸರಿನಲ್ಲಿ ಬೂಟಿನ ಗುರುತುಗಳು ಮಾತ್ರ ಇದ್ದವು, ಒಂದಕ್ಕೊಂದು ಬಹಳ ದೂರ ದೂರ.

ಅಧ್ಯಕ್ಷರು ಎರಡು ಗಂಟೆ ಕುಳಿತು ಎಲ್ಲ ಬರೆಸಿಕೊಂಡರು. ಗೌರವ್ವನ ಹೇಳಿಕೆ ತೆಗೆದುಕೊಳ್ಳುವಾಗ ಅವಳು ಬಡಿಯುತ್ತಲೇ ಉತ್ತರ ಕೊಟ್ಟಳು, ನಾದಿದ ಹಿಟ್ಟು ಕಾಯುವುದಿಲ್ಲವಲ್ಲ. ಆಮೇಲೆ ಹುಡುಗಿಯರ ಜೊತೆ ಸಮಿತಿಯೂ ನೆಲದ ಮೇಲೆ ಸಾಲಾಗಿ ಕುಳಿತು ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಗುರೆಳ್ಳ ಹಿಂಡಿ, ಮೊಸರು ಉಂಡಿತು. ಸಾಕ್ಷ್ಯವನ್ನೆಲ್ಲ ತಿಂದುಬಿಡುತ್ತೀರಿ ಎಂದು ಅಕ್ಕಾರ ಬೈದು, ಬೆರಳು ಮೂಡಿದ್ದ ರೊಟ್ಟಿಯನ್ನು ಪತ್ರಿಕೆಯಲ್ಲಿ ಸುತ್ತಿ ಕಡತಕ್ಕೆ ಲಗತ್ತಿಸಲು ಹೇಳಿದರು. ಸಾಹೇಬರನ್ನೂ ಯಾರೋ ಕೈಹಿಡಿದು ಕೂರಿಸಿದರು. ಒಂದು ತುತ್ತು ಮುರಿದರು. ಇನ್ನೊಂದು ಮುರಿದರು. ಮೂರು ರೊಟ್ಟಿ ಆದ ಮೇಲೆ ನನ್ನ ಕಡೆ ಬಾಗಿ, "ಇದನ್ನ ನನಗೆ ಮೊದಲೇ ಯಾಕ್ರೀ ತಿನ್ನಿಸಲಿಲ್ಲ? ಆ ಯಂತ್ರನ ಗಾಡಿಯಿಂದಲೇ ಇಳಿಸುತ್ತಿರಲಿಲ್ಲ," ಎಂದರು. ಕೋಪ ನಿಜವಾದದ್ದಾಗಿತ್ತು.

ಮುಂದಿನದೆಲ್ಲ ಸರ್ಕಾರದ ನಡಿಗೆ. ನನಗೆ ಕಾರಣ ಕೇಳಿ ನೋಟಿಸು ಬಂತು, ಒಂದು ವಾರ್ಷಿಕ ವೇತನ ಬಡ್ತಿ ನಿಂತಿತು. ಸಾಹೇಬರಿಗೆ ಎಚ್ಚರಿಕೆಯ ಪತ್ರ. ಪೂರೈಕೆದಾರರನ್ನು ಕಪ್ಪುಪಟ್ಟಿಗೆ ಸೇರಿಸಿದರಂತೆ. ಮುಂದಿನ ವರ್ಷ ಟೈ ಸಾಹೇಬ ಬೇರೆ ಕಂಪನಿಯ ಹೆಸರಿನಲ್ಲಿ ಸೋಲಾರ್ ದೀಪ ಮಾರುತ್ತಿದ್ದದ್ದನ್ನು ಬಾಗಲಕೋಟೆಯಲ್ಲಿ ಕಂಡೆ. ಟೈ ಅದೇ.

ಹೆಂಗಸರ ಕೆಲಸದ ವಿಷಯ ಮಾತ್ರ ಮುಂದೆ ಸರಿಯಲಿಲ್ಲ. ಸೆಪ್ಟೆಂಬರ್ ಕೊನೆಗೆ ಬೆಂಗಳೂರಿನಿಂದ ಒಂದು ಪತ್ರ ಬಂತು. ಬಂತಲ್ಲ ಆದೇಶ ಎಂದು ಒಡೆದು ನೋಡಿದರೆ: ‘ಉಲ್ಲೇಖಿತ ಕಡತದ ಅಡಕ ಏಳು (ರೊಟ್ಟಿ, ಒಂದು) ಈ ಕಚೇರಿಯಲ್ಲಿ ಸ್ವೀಕೃತವಾಗಿರುವುದಿಲ್ಲ. ದೃಢೀಕೃತ ಪ್ರತಿಯನ್ನು ಮರುಟಪಾಲಿನಲ್ಲಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಪ್ರಕರಣವನ್ನು ಮುಂದುವರಿಸಲಾಗುವುದಿಲ್ಲ.’

ದಾರಿಯಲ್ಲಿ ಯಾವನೋ ಹಸಿದವನು ಅಡಕ ಏಳನ್ನು ತಿಂದಿದ್ದ. ನಾನು ಪತ್ರ ಹಿಡಿದು ಮತ್ತೆ ಗೌರವ್ವನ ಕಟ್ಟೆಗೆ ಹೋದೆ.

"ಅದ ರೊಟ್ಟಿ ಬೇಕಂತ. ಬೆರಳು ಮೂಡಿರಬೇಕಂತ."

"ಒಂದ ಬೇಕೋ, ನಾಕು ಬೇಕೋ?"

"ನಾಕು ಕೊಡು ಯಕ್ಕಾ. ಹಾದ್ಯಾಗ ತಿಂತಾರ."

ಅವಳು ಒಲೆ ಮುಂದೆ ಕುಳಿತಳು. ಬಡಿದು, ಕೊನೆಗೆ ಅಂಗೈ ಎತ್ತಿ, ಬೆರಳು ಅಗಲಿಸಿ, ಜೋಪಾನವಾಗಿ ಒತ್ತಿದಳು. ನಾನು ನೋಡುತ್ತಾ ನಿಂತೆ.

"ಅಲ್ಲ ಗೌರಕ್ಕ, ಅವತ್ತೂ ಹಿಂಗ ಬೇಕಂತ ಒತ್ತಿದ್ದೇನು?"

"ಮತ್ತೇನ್ ತಮ್ಮಾ? ಮೂವತ್ತು ವರ್ಷದಾಗ ನನ್ನ ರೊಟ್ಟಿ ಮ್ಯಾಲ ಒಂದ ಬೆರಳರ ಮೂಡಿತ್ತೇನು? ಹಿಂದಿನ ದಿನಾ ಆರು ರೊಟ್ಟಿ ಕೆಡಿಸಿ ಕಲತೀನಿ."

"ಕರೆಂಟ್ ಹೋದಾಗ? ಯಂತ್ರ ನಿಂತದ್ದು ಗೊತ್ತಾಗಲಿಲ್ಲೇನು?"

ಹುಸೇನಬಿ ಬಾಗಿಲಿನಿಂದಲೇ ಹೇಳಿದಳು: "ನಾ ಹೇಳಿದ್ನಿ, ಗೌರಾ ನಿಂದ್ರಸು, ಕೇಳಸ್ತೈತಿ ಅಂತ. ಕೇಳಬೇಕಲ್ಲ ಈಕಿ!"

"ಯಂತ್ರಕ್ಕ ಕರೆಂಟ್ ಇಲ್ಲಂದ್ರ ಯಂತ್ರ ನಿಂದ್ರಲಿ," ಎಂದಳು ಗೌರವ್ವ, ರೊಟ್ಟಿ ಹಂಚಿಗೆ ಹಾಕುತ್ತಾ. "ನಾ ಯಾಕ ನಿಂದರ್ಲಿ?"

ಕಚೇರಿಯಲ್ಲಿ ಸಾಹೇಬರು ದೃಢೀಕರಿಸಲು ಕಡಕ್ಕಾದ ರೊಟ್ಟಿಯ ಮೇಲೆಯೇ ಮೊಹರು ಒತ್ತಿ ಒಂದನ್ನು ಮುರಿದರು. ಎರಡನೆಯದನ್ನು ಲಕೋಟೆಗೆ ಹಾಕಿ ಲಕೋಟೆಗೆ ಮೊಹರು ಹಾಕಿದೆವು. ಉಳಿದ ಎರಡನ್ನು ಮುರಿದದ್ದರ ಜೊತೆಗೆ ಅವರೇ ತಿಂದರು.

ಆದೇಶ ಬಂದದ್ದು ದೀಪಾವಳಿಯ ಹಿಂದಿನ ವಾರ. ಆಕಾಶ ತೊಳೆದಿಟ್ಟ ಹಾಗಿತ್ತು. ಗೌರವ್ವ ಊರಾಚೆಯ ಹೊಲದಲ್ಲಿ ಉಳ್ಳಾಗಡ್ಡಿ ಕೊಯ್ಯುತ್ತಿದ್ದಾಳೆಂದು ಅಲ್ಲಿಗೇ ಹೋದೆ. ಈರುಳ್ಳಿ ಗಡ್ಡೆಗಳ ರಾಶಿಯ ನಡುವೆ ಕುಳಿತು ಕುಡುಗೋಲಿನಿಂದ ಸೊಪ್ಪು ಕತ್ತರಿಸುತ್ತಿದ್ದಳು. ಪಕ್ಕದಲ್ಲಿ ಹುಸೇನಬಿ.

"ಓದ್ರಿ," ಎಂದಳು.

ಓದಿದೆ. ಮೊದಲು ಹನ್ನೊಂದು ಉಲ್ಲೇಖ, ಆಮೇಲೆ ಪ್ರಸ್ತಾವನೆ, ಆಮೇಲೆ ‘ಪ್ರಸ್ತಾವನೆಯಲ್ಲಿ ವಿವರಿಸಿರುವ ಅಂಶಗಳ ಹಿನ್ನೆಲೆಯಲ್ಲಿ’. ಇಬ್ಬರೂ ಕುಡುಗೋಲು ಕೆಳಗಿಟ್ಟು, ದೇವರ ಪೂಜೆಗೆ ಕುಳಿತವರಂತೆ ಕೈ ಕಟ್ಟಿ ಕೇಳಿದರು. ಓದಿ ಮುಗಿಸಿದೆ. ಇಬ್ಬರ ಕಣ್ಣಿನಲ್ಲೂ ನೀರು ಇಳಿಯುತ್ತಿತ್ತು. ಉಳ್ಳಾಗಡ್ಡಿ ಹೊಲದಲ್ಲಿ ಅದಕ್ಕೆ ಅರ್ಥ ಹೇಳುವುದು ಕಷ್ಟ.

"ಅಂದ್ರ ಎಂದ ಬರಬೇಕು?"

"ನಾಳೆ ಮುಂಜಾನಿ."

ಗೌರವ್ವ ಎದ್ದು ಸೀರೆ ಝಾಡಿಸಿದಳು. ಎರಡು ಹೆಜ್ಜೆ ಹೋದವಳು ಏನೋ ನೆನಪಾಗಿ ತಿರುಗಿದಳು.

"ಜ್ವಾಳಾ ಬೀಸಿಸೀರೇನ್ರಿ?"

ಆದೇಶದ ಮೂರು ಪುಟದಲ್ಲಿ ಎಲ್ಲೂ ಅದರ ಮಾತು ಇರಲಿಲ್ಲ. ಮೂರು 
ತಿಂಗಳಿಂದ ನಿಲಯದಲ್ಲಿ ಹೆಚ್ಚಾಗಿ ಅನ್ನವೇ ನಡೆದಿತ್ತು. ಉಳಿದ ಜೋಳ ಚೀಲದಲ್ಲೇ ಇತ್ತು.

"ಇಲ್ಲ," ಎಂದೆ.

"ಹಂಗಾರ ಇಲ್ಯಾಕ ನಿಂತೀರಿ? ನಡೀರಿ ಗಿರಣಿಗೆ. ಸಣ್ಣಗ ಬೀಸಂತ ಹೇಳ್ರಿ. ಬಿಸಿ ಹಿಟ್ಟು ಕಟ್ಟಿ ಇಡಬ್ಯಾಡ್ರಿ, ಹರವಿ ಆರಿಸಿ ತುಂಬ್ರಿ."

ಆ ಸಂಜೆ ಸೈಕಲ್ಲಿನ ಮೇಲೆ ಒಂದು ಚೀಲ ಜೋಳ ಹೇರಿಕೊಂಡು ಹೋಗಿ ಗಿರಣಿಯ ಸಾಲಿನಲ್ಲಿ ಏಳನೆಯವನಾಗಿ ನಿಂತೆ. ನನ್ನ ಮುಂದಿದ್ದ ಹೆಂಗಸರು ಸರ್ಕಾರಿ ಮನುಷ್ಯ ಎಂದು ಮೊದಲು ಬಿಟ್ಟುಕೊಡಲು ಬಂದರು, ನಾನು ಒಪ್ಪಲಿಲ್ಲ. ನನ್ನ ಪಾಳಿ ಬಂದಾಗ ಹಿಟ್ಟನ್ನು ಅಂಗೈಯಲ್ಲಿ ಹಿಡಿದು, ಬೆರಳಿನಿಂದ ಉಜ್ಜಿ, ತರಿ ಇದೆ ಎಂದು ಇನ್ನೊಮ್ಮೆ ಹಾಕಿಸಿದೆ. ಗಿರಣಿಯವನು ಗೊಣಗಿದ. ಗೊಣಗಲಿ ಎಂದುಕೊಂಡೆ.